ಚಳಿಗೆ ಒಲೆಯಾಗುವ ಒರತೆ

ಗೇಟು ತೆರೆಯುವುದು ಬೆಳಗ್ಗೆ ಎಂಟಕ್ಕೆ. ಏಳೂವರೆಗೇ ಹೋದರೂ ನಮ್ಮ ಮುಂದೆ ಆಗಲೇ ಕಾರುಗಳ ಉದ್ದನೆಯ ಸಾಲು. ಜನವರಿ ತಿಂಗಳು. ರಾತ್ರಿ ಚಳಿ ನಾಲ್ಕು ಡಿಗ್ರಿಗೆ ಇಳಿದಿತ್ತು. "ಚಳಿ ಜೋರಾಗಿದ್ದ ದಿನವೇ ಹೋಗಬೇಕು, ಬಿಸಿಲು ಕಾದರೆ ಮ್ಯಾನಟೀಗಳು ಹೊರಟುಬಿಡುತ್ತವೆ" ಎಂದು ಫ್ಲಾರಿಡಾದ ಒರ್ಲಾಂಡೊದಲ್ಲಿ ನೆಲೆಸಿರುವ ನೆಂಟರು ವಾರವಿಡೀ ಹವಾಮಾನ ವರದಿ ನೋಡುತ್ತ ನಮ್ಮನ್ನು ಕಾಯಿಸಿದ್ದರು.

ಒರ್ಲಾಂಡೊದಿಂದ ಉತ್ತರಕ್ಕೆ ಮುಕ್ಕಾಲು ಗಂಟೆಯ ದಾರಿ. ಆರೆಂಜ್ ಸಿಟಿ ಎಂಬ ಸಣ್ಣ ಊರಿನ ಅಂಚಿನಲ್ಲಿದೆ ಬ್ಲೂ ಸ್ಪ್ರಿಂಗ್ ರಾಜ್ಯ ಉದ್ಯಾನ. ಓಕ್ ಮರದ ಕೊಂಬೆಗಳಿಂದ ಬೂದು ಬಣ್ಣದ ಎಳೆಗಳು ಸಾಧುಗಳ ಜಡೆಯಂತೆ ಇಳಿಬಿದ್ದಿವೆ. ಅದರಡಿ ತೊರೆಯ ದಂಡೆಗುಂಟ ಹಲಗೆ ಹಾಸಿದ ಕಾಲುದಾರಿ. ಮೊದಲು ಕಂಡದ್ದು ಹಬೆ. ಬಚ್ಚಲ ಹಂಡೆಯಿಂದ ಏಳುವಂತೆ ಇಡೀ ತೊರೆಯಿಂದ ಹಬೆ ಏಳುತ್ತಿತ್ತು. ಅದರೊಳಗಿಂದ 'ಫುಸ್' ಎಂದೊಂದು ಉಸಿರು, ಸ್ವಲ್ಪ ದೂರದಲ್ಲಿ ಇನ್ನೊಂದು, ಮತ್ತೆಲ್ಲೋ ಮತ್ತೊಂದು. ಕೆರೆಯಲ್ಲಿ ಮುಳುಗೆದ್ದ ಎಮ್ಮೆ ಮೂಗಿನಿಂದ ನೀರು ಸಿಡಿಸುವ ಸದ್ದನ್ನು ಕೇಳಿ ಬೆಳೆದವರಿಗೆ ಅದು ತೀರಾ ಪರಿಚಿತ ಸದ್ದು.

ರೇಲಿಂಗಿನ ಕೆಳಗೆ, ಎರಡಾಳು ದೂರದಲ್ಲಿ, ಒಂದು ತಾಯಿ ಮರಳ ಮೇಲೆ ಹೊಟ್ಟೆಯೂರಿ ಮಲಗಿತ್ತು. ಮರಿ ಅದರ ಕಂಕುಳಿಗೆ ಮೂತಿ ತೂರಿಸಿತ್ತು. ಆಟವಾಡುತ್ತಿದೆ ಅಂದುಕೊಂಡೆ, ಹಾಲು ಕುಡಿಯುತ್ತಿತ್ತು. ಮ್ಯಾನಟೀಗೆ ಮೊಲೆಯಿರುವುದು ಅಲ್ಲೇ, ಮುಂಗಾಲು ಈಜುರೆಕ್ಕೆಯಾಗಿ ಮಾರ್ಪಟ್ಟಿರುವ ಜಾಗದ ಬುಡದಲ್ಲಿ. ಆ ರೆಕ್ಕೆಯ ತುದಿಯಲ್ಲಿ ಮೂರು ನಾಲ್ಕು ಉಗುರು. ಆನೆಯ ಕಾಲನ್ನು ಹತ್ತಿರದಿಂದ ನೋಡಿದವರಿಗೆ ಆ ಉಗುರು ಎಲ್ಲಿಯದೆಂದು ಹೇಳಬೇಕಿಲ್ಲ. ಮೊಲೆಯೂ ಹಾಗೆಯೇ, ಹೆಣ್ಣಾನೆಗೂ ಅದಿರುವುದು ಮುಂಗಾಲುಗಳ ನಡುವೆ. ಇವನ್ನು ಕಡಲ ಹಸು ಎಂದು ಕರೆದರೂ ರಕ್ತಸಂಬಂಧ ಇರುವುದು ಆನೆಯೊಂದಿಗೆ. ಮೇಲ್ದುಟಿ ಎರಡು ಸೀಳಾಗಿದ್ದು, ಪ್ರತಿ ಸೀಳೂ ತನ್ನ ಪಾಡಿಗೆ ಅಲ್ಲಾಡಿ ಹುಲ್ಲನ್ನು ಹಿಡಿದು ಬಾಯಿಗೆ ತಳ್ಳುತ್ತದೆ, ಗೇಣುದ್ದಕ್ಕೆ ಮೊಟಕಾದ ಸೊಂಡಿಲಿನಂತೆ. ದವಡೆಯ ಹಲ್ಲುಗಳು ಹಿಂದಿನಿಂದ ಹುಟ್ಟಿ ಮುಂದಕ್ಕೆ ಸರಿಯುತ್ತ ಬಂದು ಸವೆದು ಉದುರುತ್ತವೆ, ಹಿಂದೆ ಹೊಸದು ಬರುತ್ತದೆ. ಮರಳು ಬೆರೆತ ಹುಲ್ಲು ಜಗಿಯುವ ಬಾಯಿಗೆ ಬದುಕಿರುವವರೆಗೂ ಹಲ್ಲು ಮುಗಿಯುವುದಿಲ್ಲ.

ಬೆಳೆದ ಮ್ಯಾನಟೀ ಸುಮಾರು ಮೂರು ಮೀಟರ್ ಉದ್ದ, ಐನೂರು ಕಿಲೋ ತೂಕ. ಇಷ್ಟು ದೊಡ್ಡ ದೇಹದಲ್ಲಿ ಬೇಕಾದಷ್ಟು ಕೊಬ್ಬಿರಬೇಕು ಎಂದೇ ಎಲ್ಲರೂ ಭಾವಿಸುವುದು. ಆದರೆ ತಿಮಿಂಗಿಲ, ಸೀಲ್‌ಗಳಿಗಿರುವ ದಪ್ಪ ಕೊಬ್ಬಿನ ಕಂಬಳಿ ಇದಕ್ಕಿಲ್ಲ. ದುಂಡಗೆ ಕಾಣುವ ಆ ಹೊಟ್ಟೆಯಲ್ಲಿರುವುದು ಹುಲ್ಲು ಕೊಳೆಯಿಸಿ ಅರಗಿಸುವ ಉದ್ದಾನುದ್ದ ಕರುಳು. ದೇಹದ ತೂಕದ ಹತ್ತನೇ ಒಂದು ಪಾಲಿನಷ್ಟು ಸೊಪ್ಪನ್ನು ದಿನವೊಂದಕ್ಕೆ ತಿನ್ನಬಲ್ಲದಾದರೂ ಅದರಿಂದ ಹುಟ್ಟುವ ಶಾಖ ಕಡಿಮೆ; ಮೈಯೊಳಗಿನ ಬೆಂಕಿ ಯಾವಾಗಲೂ ಸಣ್ಣ ಉರಿಯಲ್ಲೇ ಇರುತ್ತದೆ. ನೀರು 20 ಡಿಗ್ರಿಗಿಂತ ಕೆಳಗಿಳಿದು ಕೆಲವು ದಿನ ಹಾಗೇ ಉಳಿದರೆ ಸಾಕು, ಚರ್ಮ ಬಿಳಿಚಿಕೊಂಡು ಹುಣ್ಣಾಗುತ್ತದೆ, ಕರುಳು ಕೆಲಸ ನಿಲ್ಲಿಸುತ್ತದೆ, ಪ್ರಾಣಿ ತಿನ್ನುವುದನ್ನೇ ಬಿಡುತ್ತದೆ. 2010ರ ಕಡು ಚಳಿಯ ವರ್ಷ ಫ್ಲಾರಿಡಾದಲ್ಲಿ ಸತ್ತ 766 ಮ್ಯಾನಟೀಗಳಲ್ಲಿ ನೂರಾರು ಸತ್ತದ್ದು ಹೀಗೆ.

ಉಳಿದವು ಉಳಿದದ್ದು ಇಂಥ ಒರತೆಗಳಿಂದ.

ನಮ್ಮ ಅಜ್ಜಿಮನೆಯ ಹಿತ್ತಲಲ್ಲಿ ಸೇದುವ ಬಾವಿಯಿತ್ತು. ಧನುರ್ಮಾಸದ ನಸುಕಿನಲ್ಲಿ ಮೊದಲ ಕೊಡ ಸೇದಿ ಕಾಲಿಗೆ ಸುರಿದುಕೊಂಡರೆ ಹಿತವಾಗಿ ಬೆಚ್ಚಗೆ. ಅದೇ ಬಾವಿಯ ನೀರು ವೈಶಾಖದ ಮಧ್ಯಾಹ್ನ ತಣ್ಣಗೆ. ಬಾವಿ ನಮಗೆ ಬೇಕಾದ ಹಾಗೆ ಬದಲಾಗುತ್ತದೆ ಎಂದೇ ಮಕ್ಕಳಾದ ನಾವು ನಂಬಿದ್ದೆವು. ಬದಲಾಗುತ್ತಿದ್ದದ್ದು ಗಾಳಿಯಷ್ಟೇ. ನೆಲದಡಿ ಕೆಲವು ಮಾರು ಇಳಿದರೆ ಮಳೆ, ಚಳಿ, ಬೇಸಿಗೆ ಯಾವುದೂ ತಾಕುವುದಿಲ್ಲ. ವರ್ಷದ ಎಲ್ಲ ದಿನಗಳ ಸರಾಸರಿ ಉಷ್ಣಾಂಶವನ್ನು ಮಣ್ಣು ಹಿಡಿದಿಟ್ಟುಕೊಂಡಿರುತ್ತದೆ. ಮಧ್ಯ ಫ್ಲಾರಿಡಾದಲ್ಲಿ ಆ ಸರಾಸರಿ ಸುಮಾರು 22 ಡಿಗ್ರಿ. ಬ್ಲೂ ಸ್ಪ್ರಿಂಗಿನ ಬಾಯಿಂದ ಹೊಮ್ಮುವ ನೀರೂ ಅಷ್ಟೇ, ಹನ್ನೆರಡು ತಿಂಗಳೂ. ನಮ್ಮ ಪುತ್ತೂರಿನ ಬಳಿಯ ಬೆಂದ್ರು ತೀರ್ಥದಂಥ ಬಿಸಿನೀರಿನ ಬುಗ್ಗೆ ಇದಲ್ಲ. ಕೈಯಿಟ್ಟರೆ ಬಿಸಿ ಅನ್ನಿಸುವುದೂ ಇಲ್ಲ. ಹೊರಗಿನ ನದಿ 15 ಡಿಗ್ರಿಗೆ ಇಳಿದ ದಿನ ಮಾತ್ರ ಇದು ಒಲೆ.

ಫ್ಲಾರಿಡಾ ಎಂಬ ನೆಲವೇ ಒಂದು ಸುಣ್ಣಕಲ್ಲಿನ ಜಲ್ಲಡಿ. ಮಳೆನೀರು ಮರಳಿನ ಮೂಲಕ ಇಳಿದು, ಸುಣ್ಣಕಲ್ಲನ್ನು ಕರಗಿಸಿಕೊಂಡು, ಬಿರುಕು ಗುಹೆಗಳನ್ನು ತುಂಬಿ, ಒತ್ತಡ ಹೆಚ್ಚಿದ ಕಡೆ ಮತ್ತೆ ಮೇಲಕ್ಕೆ ಚಿಮ್ಮುತ್ತದೆ. ಹಾಗೆ ಚಿಮ್ಮುವ ಜಾಗಗಳು ಆ ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು. ಕಲ್ಲಿನೊಳಗೆ ಸೋಸಿ ಬಂದ ಆ ನೀರು ಎಷ್ಟು ತಿಳಿಯೆಂದರೆ, ತೊರೆಯ ತಳದಲ್ಲಿ ಬಿದ್ದ ಎಲೆಯ ನರಗಳು ಕಾಣುತ್ತವೆ. ತೊರೆ ಹೋಗಿ ಸೇರುವ ಸೇಂಟ್ ಜಾನ್ಸ್ ನದಿಯದು ಮಾತ್ರ ಎಲೆ ಬೇರುಗಳ ಒಗರು ಇಳಿದ ಕಪ್ಪು ಚಹಾದ ಬಣ್ಣ. ಎರಡೂ ಕೂಡುವಲ್ಲಿ ಗೆರೆ ಎಳೆದ ಹಾಗೆ ತಿಳಿ ಮತ್ತು ಕಪ್ಪು. ಮ್ಯಾನಟೀಗಳು ದಾಟಿ ಬರುವುದು ಆ ಗೆರೆಯನ್ನು.

ಜನರು ಈ ಒರತೆಗಳನ್ನು ನೋಡಲು ಹೋಗುವುದು ಹೊಸದಲ್ಲ. ಫಿಲಡೆಲ್ಫಿಯಾದ ಸಸ್ಯಶಾಸ್ತ್ರಜ್ಞ ಜಾನ್ ಬಾರ್ಟ್ರಂ 1766ರ ಜನವರಿಯಲ್ಲೇ ದೋಣಿಯಲ್ಲಿ ಬ್ಲೂ ಸ್ಪ್ರಿಂಗಿಗೆ ಬಂದಿದ್ದ. ಅವನ ಮಗ ವಿಲಿಯಂ 1774ರಲ್ಲಿ ಸುವಾನಿ ನದಿಯ ದಂಡೆಯ ಇನ್ನೊಂದು ಒರತೆಯಲ್ಲಿ ಮ್ಯಾನಟೀಯ ಅಸ್ಥಿಪಂಜರ ನೋಡಿದ. ಅಲ್ಲಿನ ಮೂಲನಿವಾಸಿಗಳು ಮಾಂಸಕ್ಕಾಗಿ ಬೇಟೆಯಾಡಿದ ಪ್ರಾಣಿ ಅದು. ಚಳಿಗೆ ಇವು ಎಲ್ಲಿ ಬಂದು ಸೇರುತ್ತವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಜಾಗದ ಹೆಸರು ಇಂದಿಗೂ ಮ್ಯಾನಟೀ ಸ್ಪ್ರಿಂಗ್ಸ್.

1970ರ ಸುಮಾರಿಗೆ ಬ್ಲೂ ಸ್ಪ್ರಿಂಗಿಗೆ ಬರುತ್ತಿದ್ದ ಮ್ಯಾನಟೀಗಳ ಸಂಖ್ಯೆ ಹದಿನೈದನ್ನೂ ಮುಟ್ಟಿರಲಿಲ್ಲ. ಫ್ರಾನ್ಸಿನ ಜಾಕ್ ಕುಸ್ತೊ ತನ್ನ ತಂಡದೊಂದಿಗೆ ಅಲ್ಲಿಗೆ ಬಂದು ಚಿತ್ರೀಕರಿಸಿದ್ದು ಆಗಲೇ. 'ಫರ್ಗಾಟನ್ ಮರ್ಮೇಯ್ಡ್ಸ್' ಎಂಬ ಆ ಚಿತ್ರ 1972ರಲ್ಲಿ ಅಮೆರಿಕದ ಟೀವಿಯಲ್ಲಿ ಪ್ರಸಾರವಾಯಿತು. ಅದೇ ವರ್ಷ ರಾಜ್ಯ ಸರ್ಕಾರ ಮ್ಯಾನಟೀಗಳಿಗಾಗಿ ಆ ಜಾಗವನ್ನು ಕೊಂಡಿತು. ಚಳಿಗಾಲದಲ್ಲಿ ತೊರೆಗೆ ದೋಣಿಯಿಲ್ಲ, ಈಜುವವರಿಲ್ಲ. ಮನುಷ್ಯರ ಜಾಗ ದಂಡೆಯ ಮೇಲಿನ ಹಲಗೆಯಷ್ಟೇ.

ಇದಕ್ಕೆ ಒಂದೇ ಅಪವಾದ, ಬೆಳಗ್ಗೆ ಎಣಿಸಲು ಹೋಗುವ ಪುಟ್ಟ ದೋಣಿ. ವೇಯ್ನ್ ಹಾರ್ಟ್ಲಿ ಎಂಬ ಉದ್ಯಾನದ ರೇಂಜರ್ 1970ರ ದಶಕದ ಕೊನೆಯಲ್ಲಿ ಅಲ್ಲಿಗೆ ಕೆಲಸಕ್ಕೆ ಸೇರಿ ದಶಕಗಳ ಕಾಲ ಹುಟ್ಟು ಹಾಕುತ್ತ ಹಾಜರಿ ತೆಗೆದವರು. ನಿವೃತ್ತಿಯಾದ ಮೇಲೂ 'ಸೇವ್ ದ ಮ್ಯಾನಟೀ ಕ್ಲಬ್' ಪರವಾಗಿ ಅದೇ ಕೆಲಸ ಮುಂದುವರಿಸಿದರು. ಹಾಜರಿ ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. ಅಲ್ಲಿ ತಲೆ ಎಣಿಸಿ ಬಿಡುವುದಿಲ್ಲ, ಯಾರು ಬಂದರು, ಯಾರು ಬರಲಿಲ್ಲ, ಯಾರ ಜತೆ ಮರಿಯಿದೆ ಎಂದು ಹೆಸರು ಹಿಡಿದು ಬರೆದುಕೊಳ್ಳುತ್ತಾರೆ. ಬ್ರೂಟಸ್, ಮರ್ಲಿನ್ ಎಂಬ ಗಂಡುಗಳನ್ನು ಕುಸ್ತೊ ಬಂದ ಕಾಲದಲ್ಲೇ ಗುರುತಿಸಿದ್ದರು. ಆಮೇಲೆ ದಶಕಗಟ್ಟಲೆ ಅವು ಚಳಿ ಬಂದಾಗಲೆಲ್ಲ ಬಂದವು.

ಬೂದು ಬಣ್ಣದ, ಒಂದೇ ಅಚ್ಚಿನ ಮೈಗಳನ್ನು ಹೆಸರು ಹಿಡಿದು ಹೇಗೆ ಗುರುತಿಸುತ್ತಾರೆ? ಗಾಯದ ಕಲೆಗಳಿಂದ. ಹೌವಿ ಎಂಬ ಗಂಡಿನ ಮೈಮೇಲೆ ಇಂಗ್ಲಿಷಿನ 'ಎಚ್' ಅಕ್ಷರದಂಥ ಗುರುತಿದೆ, ಹೆಸರು ಬಂದದ್ದೇ ಅದರಿಂದ. ನಾನು ನೋಡಿದ ತಾಯಿಯ ಬೆನ್ನ ಮೇಲೆ ಒಂದರ ಪಕ್ಕ ಒಂದು, ಸಮ ಅಂತರದಲ್ಲಿ, ಏಳು ಬಿಳಿ ಗೆರೆಗಳಿದ್ದವು. ಹೊಸದಾಗಿ ಹೂಡಿದ ಹೊಲದ ಸಾಲಿನಂತೆ ಅಷ್ಟು ನೇರ. ಸುತ್ತುತ್ತಿದ್ದ ಪ್ರೊಪೆಲರ್ ಅದರ ಮೈಮೇಲೆ ತಲೆಯಿಂದ ಬಾಲದ ಕಡೆಗೆ ಹಾದುಹೋದ ದಾರಿ ಅದು. ಬಾಲದ ಬಲ ಅಂಚಿನಲ್ಲಿ ಹಿಡಿಯಷ್ಟು ಮಾಂಸವೇ ಇರಲಿಲ್ಲ. ಫ್ಲಾರಿಡಾದಲ್ಲಿ ನೋಂದಾಯಿತ ದೋಣಿಗಳೇ ಸುಮಾರು ಹತ್ತು ಲಕ್ಷ. ಮ್ಯಾನಟೀ ಮೂರರಿಂದ ಐದು ನಿಮಿಷಕ್ಕೊಮ್ಮೆ ಉಸಿರಿಗೆ ಮೇಲೆ ಬರಲೇಬೇಕು, ಮೇಯುವುದೂ ತೀರದ ಆಳವಿಲ್ಲದ ನೀರಿನಲ್ಲಿ. 2007ರಿಂದ 2016ರವರೆಗೆ ಸತ್ತು ಸಿಕ್ಕ ವಯಸ್ಕ ಮ್ಯಾನಟೀಗಳ ಕಳೇಬರಗಳನ್ನು ಪರೀಕ್ಷಿಸಿದ ವಿಜ್ಞಾನಿಗಳಿಗೆ ನಾಲ್ಕರಲ್ಲಿ ಒಂದರ ಮೈಮೇಲೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ದೋಣಿ ಪೆಟ್ಟಿನ ಗುರುತು ಕಂಡಿತು. ಒಂದೂ ಕಲೆಯಿಲ್ಲದವು ನೂರಕ್ಕೆ ನಾಲ್ಕು. ಪ್ರಾಣಿಗೆ ಹೆಸರು ಕೊಡುವಷ್ಟು ಪ್ರೀತಿ, ಆ ಹೆಸರಿಗೆ ಆಧಾರವಾಗುವಷ್ಟು ಗಾಯ, ಎರಡನ್ನೂ ಕೊಟ್ಟದ್ದು ಮನುಷ್ಯರೇ ಎಂಬುದು ಆ ಏಳು ಗೆರೆಗಳನ್ನು ನೋಡುತ್ತ ನಿಂತಾಗ ಸಂಕಟವಾಗಿ ಕಾಡಿತು.

ಹದಿನೈದೂ ಇಲ್ಲದ ಕಡೆ 2024ರ ಜನವರಿಯ ಒಂದೇ ಬೆಳಗ್ಗೆ 932 ಮ್ಯಾನಟೀಗಳ ಲೆಕ್ಕ ಸಿಕ್ಕಿತು. ತೊರೆಯ ಉದ್ದ ಅರ್ಧ ಮೈಲಿಯೂ ಇಲ್ಲ. ಇಷ್ಟಾದದ್ದು ಬರೀ ಸಂತಾನ ಹೆಚ್ಚಿದ್ದರಿಂದಲ್ಲ. ಈ ದಾರಿ ಹುಟ್ಟಿನಿಂದಲೇ ತಿಳಿದಿರುವುದಿಲ್ಲ, ತಾಯಿ ಕಲಿಸಬೇಕು. ಮರಿ ಒಂದೆರಡು ವರ್ಷ ತಾಯಿಯ ಪಕ್ಕ ಬಿಡದೆ ಈಜುತ್ತದೆ. ಮೊದಲ ಚಳಿಗಾಲದಲ್ಲಿ ಎಲ್ಲಿಗೆ ಕರೆದುಕೊಂಡು ಹೋಗುತ್ತಾಳೋ ಆ ಒಲೆ ಅದಕ್ಕೆ ಆಯುಷ್ಯವಿಡೀ ನೆನಪಿರುತ್ತದೆ. ತವರಿನ ದಾರಿಯಿದ್ದ ಹಾಗೆ. ತಾಯಿ ಸತ್ತ ಮರಿಗೆ ಅದು ಗೊತ್ತಾಗುವುದಿಲ್ಲ. ಅನಾಥ ಮರಿಗಳನ್ನು ಆರೈಕೆ ಕೇಂದ್ರಗಳಲ್ಲಿ ಸಾಕಿ ದೊಡ್ಡದು ಮಾಡಿದ ಮೇಲೆ, ನಡುಚಳಿಯಲ್ಲಿ, ಬಾಲದ ಬುಡಕ್ಕೆ ಉಪಗ್ರಹದ ಪಟ್ಟಿ ಕಟ್ಟಿ, ಇಂಥ ಒರತೆಯಲ್ಲೇ ತಂದು ಬಿಡುತ್ತಾರೆ. ಸುತ್ತಲಿರುವ ನೂರಾರು ಮ್ಯಾನಟೀಗಳಲ್ಲಿ ಯಾರದಾದರೂ ಬೆನ್ನು ಹತ್ತಿ ದಾರಿ ಕಲಿಯಲಿ ಎಂದು. ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು.

ರಾಜ್ಯದ ಪಶ್ಚಿಮ ಕರಾವಳಿಯ ಕ್ರಿಸ್ಟಲ್ ರಿವರ್‌ನಲ್ಲಿ ನೋಟವೇ ಬೇರೆ. ಅಲ್ಲಿನ ಕಿಂಗ್ಸ್ ಬೇ ಎಂಬ ಕೊಲ್ಲಿಯ ತಳದಲ್ಲಿ ಎಪ್ಪತ್ತಕ್ಕೂ ಹೆಚ್ಚು ಒರತೆಗಳಿವೆ. ಮ್ಯಾನಟೀಗಳಿಗಾಗಿಯೇ 1983ರಲ್ಲಿ ಅಲ್ಲಿ ರಾಷ್ಟ್ರೀಯ ವನ್ಯಜೀವಿಧಾಮ ಮಾಡಿದರು. ಅದರ ಮುಕುಟದಂಥ ತ್ರೀ ಸಿಸ್ಟರ್ಸ್ ಒರತೆಗಳ ಸುತ್ತಲಿನ ನೆಲದಲ್ಲಿ ಮನೆಗಳು ಏಳುವುದರಲ್ಲಿದ್ದವು. 2010ರಲ್ಲಿ ಅದನ್ನು ಕೊಂಡು ಉಳಿಸಿಕೊಂಡರು. ಇಲ್ಲಿ ಜನ ನೀರಿಗೇ ಇಳಿಯುತ್ತಾರೆ. ಕಪ್ಪು ರಬ್ಬರ್ ಉಡುಪು, ಮುಖಕ್ಕೆ ಗಾಜು ತೊಟ್ಟು, ಅಲ್ಲಾಡದೆ ತೇಲುತ್ತ ನೋಡುತ್ತಾರೆ. ಬೆನ್ನಟ್ಟಬಾರದು, ಸುತ್ತುವರಿಯಬಾರದು, ಮಲಗಿದ್ದನ್ನು ಎಬ್ಬಿಸಬಾರದು, ತಾಯಿ ಮರಿಯ ನಡುವೆ ಹೋಗಬಾರದು, ತಿನ್ನಲು ಕುಡಿಯಲು ಕೊಡಬಾರದು. ಹಗ್ಗ ಕಟ್ಟಿದ ವಿಶ್ರಾಂತಿ ಜಾಗಗಳೊಳಗೆ ಕಾಲಿಡುವಂತಿಲ್ಲ. ಚಳಿ ತೀರಾ ಹೆಚ್ಚಾದ ದಿನಗಳಲ್ಲಿ ತ್ರೀ ಸಿಸ್ಟರ್ಸ್ ಒಳಗೆ ಮನುಷ್ಯರಿಗೆ ಪ್ರವೇಶವೇ ಇಲ್ಲ.

ನಾನು ದಂಡೆಯಲ್ಲೇ ಉಳಿದೆ. ನೀರಿಗಿಳಿದವರನ್ನು ತಪ್ಪೆನ್ನಲಾರೆ. ನಮ್ಮ ಕಣ್ಣೆದುರೇ ಒಂದು ಎಳೆಯ ಮ್ಯಾನಟೀ ತಾನಾಗಿಯೇ ಹುಡುಗಿಯೊಬ್ಬಳ ಹತ್ತಿರ ಬಂದು, ಅವಳ ಮುಖದ ಗಾಜಿಗೆ ಮೀಸೆ ತಾಗಿಸಿ, ಮಗುಚಿಕೊಂಡು ಹೊಟ್ಟೆ ತೋರಿಸಿತು. ಅವಳು ದಂಡೆಗೆ ಬಂದು ಅಳುತ್ತಿದ್ದಳು. ಅಂಥ ಭೇಟಿ ಒಬ್ಬರ ಬದುಕನ್ನು ತಿರುಗಿಸಬಲ್ಲದು, ನಿಜ. ಆದರೆ ಒಂದು ದಿನಕ್ಕೆ ಅಂಥ ಎಷ್ಟು ಭೇಟಿ? ಮಲಗಿದ್ದ ಪ್ರಾಣಿ ಎದ್ದು ಬೆಚ್ಚಗಿನ ಜಾಗ ಬಿಟ್ಟು ತಣ್ಣೀರಿಗೆ ಸರಿದರೆ ಅದು ಕಳೆದುಕೊಳ್ಳುವುದು ಕೂಡಿಟ್ಟ ಶಾಖವನ್ನು, ಅದಕ್ಕೆ ಬೇರೆ ಸಂಪಾದನೆಯಿಲ್ಲ. ಹಲಗೆಯ ಮೇಲಿಂದ ನೋಡುವುದೇ ಮೇಲು ಎಂಬುದು ನನ್ನ ಅನಿಸಿಕೆ. ತಿಳಿನೀರಿನಲ್ಲಿ ಕಾಣದೆ ಉಳಿಯುವುದು ಏನೂ ಇಲ್ಲ.

ಬೆಚ್ಚಗಿದ್ದರೆ ಸಾಲದು, ಹೊಟ್ಟೆಗೂ ಬೇಕು. ಬ್ಲೂ ಸ್ಪ್ರಿಂಗಿನ ತೊರೆಯಲ್ಲಿ ಮೇಯಲು ಹುಲ್ಲಿಲ್ಲ. ಒಲೆಯ ಪಕ್ಕ ಕೂತರೆ ಹಸಿವು, ಊಟಕ್ಕೆ ಹೋದರೆ ಚಳಿ. ಈ ಎರಡರ ನಡುವೆ ದಿನವೂ ಲೆಕ್ಕ ಹಾಕಿ ಬದುಕಬೇಕು. ಆ ಲೆಕ್ಕ ಎಷ್ಟು ಸೂಕ್ಷ್ಮ ಎಂಬುದು ಲೋಕಕ್ಕೆ ಗೊತ್ತಾದದ್ದು 2021ರಲ್ಲಿ. ಅಟ್ಲಾಂಟಿಕ್ ಕರಾವಳಿಯ ಇಂಡಿಯನ್ ರಿವರ್ ಹಿನ್ನೀರಿಗೆ ಹುಲ್ಲುಹಾಸಿನ ಗೊಬ್ಬರ, ಮನೆಗಳ ಮಲಗುಂಡಿಯ ಸಾರ ವರ್ಷಗಟ್ಟಲೆ ಹರಿದು ಪಾಚಿ ಹಬ್ಬಿತು, ಬಿಸಿಲು ತಳ ಮುಟ್ಟಲಿಲ್ಲ, ಕಡಲಹುಲ್ಲಿನ ಬಯಲುಗಳು ಸತ್ತವು. ಅಲ್ಲಿನ ವಿದ್ಯುತ್ ಸ್ಥಾವರದ ಬಿಸಿನೀರಿಗೆ ಸೇರಿದ ಮ್ಯಾನಟೀಗಳು ಬೆಚ್ಚಗೆ ಕೂತು ಹಸಿವಿನಿಂದ ಸತ್ತವು. ಆ ವರ್ಷ ಇಡೀ ರಾಜ್ಯದಲ್ಲಿ ಸತ್ತದ್ದು 1,100. ಮುಂದಿನ ಚಳಿಗಾಲದಲ್ಲಿ, ಕಾಡುಪ್ರಾಣಿಗೆ ಉಣ್ಣಿಸಬಾರದು ಎಂಬ ತನ್ನದೇ ನಿಯಮವನ್ನು ಬದಿಗಿಟ್ಟು, ಸರ್ಕಾರ ಆ ಸ್ಥಾವರದ ಬಳಿ ಲೆಟಿಸ್ ಸೊಪ್ಪು ಸುರಿಯಿತು, 90 ಟನ್ನಿಗೂ ಹೆಚ್ಚು. ಮರುವರ್ಷ ಹೆಚ್ಚುಕಡಿಮೆ ಅದರ ಎರಡು ಪಟ್ಟು.

ಫ್ಲಾರಿಡಾದ ಮ್ಯಾನಟೀಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂದು ಚಳಿ ಕಳೆಯುವುದು ಇಂಥ ವಿದ್ಯುತ್ ಸ್ಥಾವರಗಳ ಬಾಗಿಲಲ್ಲಿ. ಮನುಷ್ಯರು ಕಟ್ಟಿದ ಒಲೆ, ಹಳೆಯದಾದ ದಿನ ಮುಚ್ಚುತ್ತದೆ. ತಾಯಂದಿರು ಮರಿಗಳಿಗೆ ಕಲಿಸಿದ ದಾರಿ ಆಗ ತಣ್ಣೀರಿಗೆ ಕೊಂಡೊಯ್ಯುತ್ತದೆ. ಅದಕ್ಕೇ ಕೊನೆಗೆ ನೆಚ್ಚಬೇಕಾದದ್ದು ಒರತೆಗಳನ್ನು. ಒರತೆಗಳೋ, ನಮ್ಮ ಬೋರ್‌ವೆಲ್ಲುಗಳ ಹಾಗೆಯೇ ಅಂತರ್ಜಲವನ್ನು ನೆಚ್ಚಿಕೊಂಡಿವೆ. ಕೋಲಾರದ ಕಡೆ ಸಾವಿರ ಅಡಿ ಕೊರೆದು ಧೂಳು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫ್ಲಾರಿಡಾದ ಪೋಕ್ ಕೌಂಟಿಯಲ್ಲಿ ಕಿಸಿಂಜೆನ್ ಎಂಬ ದೊಡ್ಡ ಒರತೆಯಿತ್ತು, ಜನ ಈಜಲು ಸೇರುತ್ತಿದ್ದ ಜಾಗ. ಸುತ್ತಲಿನ ಫಾಸ್ಫೇಟ್ ಗಣಿಗಳು, ತೋಟಗಳು ನೆಲದಡಿಯಿಂದ ನೀರೆತ್ತುತ್ತ ಹೋದವು. 1950ರಲ್ಲಿ ಅದು ನಿಂತುಹೋಯಿತು.

ಬ್ಲೂ ಸ್ಪ್ರಿಂಗಿಗೆ ಆ ಗತಿ ಬರದಿರಲೆಂದು ಅಲ್ಲಿನ ನೀರು ನಿರ್ವಹಣಾ ಜಿಲ್ಲೆ 2006ರಲ್ಲಿ ಒಂದು ನಿಯಮ ಮಾಡಿತು. ಒರತೆಯ ಸರಾಸರಿ ಹರಿವು ಹಂತಹಂತವಾಗಿ ಏರಿ 2024ರ ಹೊತ್ತಿಗೆ ಕನಿಷ್ಠ 157 ಕ್ಯುಸೆಕ್ ಆಗಬೇಕು ಎಂಬುದು ಆ ನಿಯಮವಾಗಿತ್ತು. ಕಾವೇರಿಯ ಸುದ್ದಿ ಓದುವ ನಮಗೆ ಕ್ಯುಸೆಕ್ ಎಂದರೆ ಎರಡು ರಾಜ್ಯಗಳ ಜಗಳದ ಅಂಕಿ. ಇಲ್ಲಿ ಅದು ಮ್ಯಾನಟೀಗಳು ಮಲಗುವ ಕೋಣೆಯ ಅಳತೆ. ಒರತೆ ರಭಸವಾಗಿ ಹರಿದಾಗ ನದಿಯ ತಣ್ಣೀರನ್ನು ಬಾಗಿಲಲ್ಲೇ ತಡೆಯುತ್ತದೆ. ಹರಿವು ಸೊರಗಿದರೆ ಭಾರವಾದ ತಣ್ಣೀರು ತಳದಲ್ಲಿ ನುಸುಳಿ ಮೇಲಕ್ಕೆ ಬರುತ್ತ, ಬೆಚ್ಚಗಿನ ಜಾಗ ಅಷ್ಟಷ್ಟೇ ಕುಗ್ಗುತ್ತದೆ. ಅತ್ತ ಒಳನಾಡಿನ ಹೊಸ ಬಡಾವಣೆಗಳಲ್ಲಿ ಹುಲ್ಲುಹಾಸಿಗೆ ತಿರುಗುವ ಒಂದೊಂದು ನಲ್ಲಿಯೂ ಇದೇ ಕೋಣೆಯಿಂದ ಒಂದಿಷ್ಟು ಕದಿಯುತ್ತಿರುತ್ತದೆ.

ಒಳ್ಳೆಯ ಸುದ್ದಿಯೂ ಇದೆ. ಲಿಂಗ್‌ಬಿಯಾ ಎಂಬ ನಾರುನಾರಾದ ಪಾಚಿ ಮುಚ್ಚಿ ಬರಡಾಗಿದ್ದ ಕಿಂಗ್ಸ್ ಬೇ ತಳವನ್ನು ಊರಿನವರೇ ಮುಂದಾಗಿ ಹೀರುಕೊಳವೆಗಳಿಂದ ಶುಚಿಗೊಳಿಸುತ್ತಿದ್ದಾರೆ. ಮುಳುಗುಗಾರರು ಕೈಯಾರೆ, ಭತ್ತದ ಸಸಿ ನೆಟ್ಟ ಹಾಗೆ, ಪಟ್ಟಿಹುಲ್ಲು ನೆಟ್ಟಿದ್ದಾರೆ. ಬೇರು ಹಿಡಿಯುವವರೆಗೆ ಅದಕ್ಕೆ ಪಂಜರದ ರಕ್ಷೆ. ಇಲ್ಲದಿದ್ದರೆ ಮ್ಯಾನಟೀಗಳೇ ಮೇದುಬಿಡುತ್ತವೆ. ಈಗ ಅಲ್ಲಿ ದೋಣಿಯಿಂದ ಬಗ್ಗಿ ನೋಡಿದರೆ ನೀರಿನಡಿ ಹಸಿರು ಗದ್ದೆ.

ಬ್ಲೂ ಸ್ಪ್ರಿಂಗಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಬಿಸಿಲು ಕಾದಿತ್ತು. ಜನ ಕಡಿಮೆಯಾಗಿದ್ದರು. ಹಬೆ ಯಾವಾಗಲೋ ಕರಗಿತ್ತು. ಏಳು ಗೆರೆಯ ತಾಯಿ ಮೇಲೆ ಬಂದು ಮೂಗಿನ ಹೊಳ್ಳೆಗಳ ಮುಚ್ಚಳ ತೆರೆದು ದೀರ್ಘವಾಗಿ ಉಸಿರೆಳೆದುಕೊಂಡು, ಬಾಲವನ್ನೊಮ್ಮೆ ಒತ್ತಿ, ಹರಿವಿನ ಜತೆ ಕೆಳಕ್ಕೆ ಹೊರಟಿತು. ಮರಿ ಅದರ ಪಕ್ಕೆಗೆ ಅಂಟಿಕೊಂಡೇ ಹೋಯಿತು. ನಾವು ಹಲಗೆಯ ದಾರಿಯಲ್ಲಿ ಅವುಗಳ ಸಮಕ್ಕೆ ನಡೆದೆವು. ಅವುಗಳ ವೇಗ ನಮ್ಮ ನಡಿಗೆಯಷ್ಟೇ. ತಿಳಿನೀರು ಮುಗಿದು ಚಹಾದ ಬಣ್ಣ ಶುರುವಾಗುವಲ್ಲಿ ತಾಯಿ ಒಂದು ಕ್ಷಣ ನಿಂತಿತು. ಮರಿ ಎಡದಿಂದ ಬಲಕ್ಕೆ ಬಂತು. ಮೊದಲು ತಾಯಿಯ ತಲೆ ಕಾಣದಾಯಿತು, ಆಮೇಲೆ ಒಂದೊಂದಾಗಿ ಬೆನ್ನಿನ ಬಿಳಿ ಗೆರೆಗಳು, ಕೊನೆಗೆ ತುಂಡಾದ ಬಾಲ. ಆಚೆ ದಂಡೆಯ ಹುಲ್ಲಿನ ಹತ್ತಿರ ಎರಡು ಉಸಿರು ಕೇಳಿಸಿತು, ಒಂದು ದೊಡ್ಡದು, ಒಂದು ಸಣ್ಣದು.